ಸೊನ್ನೆ ದೂರುಗಳ ಚರಿತ್ರೆ

‘ಈ ವರ್ಷ ಬಂದ ದೂರುಗಳು: 0.’ ಕಾಲೇಜಿನ ಆಂತರಿಕ ದೂರು ಸಮಿತಿಯ ವಾರ್ಷಿಕ ವರದಿಯಲ್ಲಿ ಈ ಸಾಲು ಇದ್ದರೆ ಆಡಳಿತಕ್ಕೆ ಸಮಾಧಾನ. ಲೈಂಗಿಕ ದೌರ್ಜನ್ಯವನ್ನು ಅಳೆಯಲು ಹೊರಟವರ ಚರಿತ್ರೆ ಓದುತ್ತ ಹೋದಂತೆ ನನಗೆ ಮಾತ್ರ ಈ ಸೊನ್ನೆಯ ಮೇಲೇ ಅನುಮಾನ ಹೆಚ್ಚಾಗಿದೆ.

1957ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕ್ಲಿಫರ್ಡ್ ಕರ್ಕ್‌ಪ್ಯಾಟ್ರಿಕ್ ಮತ್ತು ಯುಜೀನ್ ಕೇನಿನ್ ಒಂದು ವಿಶ್ವವಿದ್ಯಾಲಯದ 291 ವಿದ್ಯಾರ್ಥಿನಿಯರ ಉತ್ತರಗಳನ್ನು ಪ್ರಕಟಿಸಿದರು. ಆ ಶೈಕ್ಷಣಿಕ ವರ್ಷದಲ್ಲಿ ಒಮ್ಮೆಯಾದರೂ ತಮಗೆ ಬೇಡವಾದ ಲೈಂಗಿಕ ಆಕ್ರಮಣ ಎದುರಾಯಿತು ಎಂದವರು ಶೇ. 55.7. ಪ್ರಶ್ನೆ ಕೇಳುವ ರೀತಿಯನ್ನೇ ಬದಲಿಸಿದವರು ಮನೋವಿಜ್ಞಾನಿ ಮೇರಿ ಕಾಸ್. ‘ನಿಮ್ಮ ಮೇಲೆ ಅತ್ಯಾಚಾರ ಆಗಿದೆಯೇ?’ ಎಂದು ಅವರು ಕೇಳಲಿಲ್ಲ. ಬಲವಂತದಿಂದ, ಬೆದರಿಕೆಯಿಂದ, ನಿಮಗೆ ಇಷ್ಟವಿಲ್ಲದಾಗ ಹೀಗೆ ಹೀಗೆ ನಡೆದಿದೆಯೇ ಎಂದು ಒಂದೊಂದನ್ನೇ ಬಿಡಿಸಿ ಕೇಳಿದರು. 1987ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ 32 ಶಿಕ್ಷಣ ಸಂಸ್ಥೆಗಳ 6,159 ವಿದ್ಯಾರ್ಥಿಗಳಿದ್ದರು. ಕಾನೂನಿನ ಪ್ರಕಾರ ಅತ್ಯಾಚಾರವೇ ಆದದ್ದನ್ನು ಅನುಭವಿಸಿದ ವಿದ್ಯಾರ್ಥಿನಿಯರಲ್ಲಿ ಅದನ್ನು ಆ ಹೆಸರಿನಿಂದ ಕರೆದವರು ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬಳು. ಪೊಲೀಸರಿಗೆ ತಿಳಿಸಿದವರು ಶೇ. 5. ಶೇ. 42ರಷ್ಟು ಮಂದಿ ಯಾರಿಗೂ, ಗೆಳತಿಗೂ, ಹೇಳಿರಲಿಲ್ಲ.

ಅವಳೇ ಅತ್ಯಾಚಾರ ಎನ್ನದಿದ್ದಾಗ ಸಂಶೋಧಕರು ಹಾಗೆಂದು ಎಣಿಸುವುದು ಸರಿಯೇ ಎಂದು ನೀಲ್ ಗಿಲ್ಬರ್ಟ್ ಮೊದಲಾದವರು ತಕರಾರು ತೆಗೆದರು. ತಕರಾರು ಪೂರ್ತಿ ಹುರುಳಿಲ್ಲದ್ದೇನಲ್ಲ. ಮದ್ಯದ ಕುರಿತ ಪ್ರಶ್ನೆಗಳ ಮಾತನ್ನು ಮುಂದೆ ಬಿಗಿಗೊಳಿಸಬೇಕಾಯಿತು. ಆದರೆ ಹೆಸರು ಗೊತ್ತಿಲ್ಲದ ಮಾತ್ರಕ್ಕೆ ಜ್ವರ ಬಂದಿಲ್ಲ ಎನ್ನಲಾದೀತೇ? 1997ರಲ್ಲಿ ಬಾನಿ ಫಿಶರ್ ಮತ್ತು ಸಂಗಡಿಗರು ವಿದ್ಯಾರ್ಥಿನಿಯರ ಎರಡು ಗುಂಪುಗಳಿಗೆ ಎರಡು ಬಗೆಯ ಪ್ರಶ್ನೆಗಳನ್ನು ಕೇಳಿ ನೋಡಿದರು. ಬಿಡಿಸಿ ಕೇಳಿದ ಕಡೆ ಅತ್ಯಾಚಾರದ ಪ್ರಮಾಣ ಶೇ. 1.7, ಸರ್ಕಾರಿ ಅಪರಾಧ ಸಮೀಕ್ಷೆಯ ಮಾದರಿಯಲ್ಲಿ ಕೇಳಿದ ಕಡೆ ಶೇ. 0.16.

ನಮ್ಮಲ್ಲಿ ಬಹುಕಾಲ ಪೊಲೀಸ್ ಲೆಕ್ಕವೇ ಲೆಕ್ಕ. 2012ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 24,923, ಮರುವರ್ಷ 33,707. ನಡುವೆ ದೆಹಲಿಯ ಘಟನೆ, ವರ್ಮಾ ಸಮಿತಿ, ಹೊಸ ಕಾನೂನು, ಬೀದಿಗಿಳಿದ ವಿದ್ಯಾರ್ಥಿಗಳು. ಕಾನೂನಿನ ವ್ಯಾಖ್ಯೆ ಹಿಗ್ಗಿದ್ದೂ ಉಂಟು, ಬಾಯಿ ಬಿಟ್ಟವರು ಹೆಚ್ಚಿದ್ದೂ ಉಂಟು. ಕರ್ನಾಟಕದ ಅಂಕಿ ಇನ್ನೂ ಗೋಜಲು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತೆಯರು 2015-16ರಲ್ಲಿ ಶೇ. 20.6, 2019-21ರಲ್ಲಿ ಶೇ. 44.4. ನಾಲ್ಕೈದು ವರ್ಷದಲ್ಲಿ ಗಂಡಂದಿರು ಎರಡು ಪಟ್ಟು ಕೆಟ್ಟವರಾದರೆಂದು ನಂಬುವುದು ನನಗೆ ಕಷ್ಟ. ಕೇಳಿದವರು ಯಾರು, ಹೇಗೆ ಕೇಳಿದರು, ಆಗ ಅತ್ತೆ ಎಲ್ಲಿದ್ದರು ಎಂಬುದೂ ಈ ಅಂಕಿಯೊಳಗಿದೆ. ಅದಕ್ಕೇ ಆ ಸಮೀಕ್ಷೆಯಲ್ಲಿ ಒಂದು ಮನೆಯಿಂದ ಒಬ್ಬಳನ್ನೇ ಆರಿಸುತ್ತಾರೆ. ಏಕಾಂತ ಸಿಗದಿದ್ದರೆ ಈ ಪ್ರಶ್ನೆಗಳನ್ನೇ ಬಿಟ್ಟುಬಿಡುತ್ತಾರೆ.

ಇದೇ ಸಮೀಕ್ಷೆ ಬೇರೆ ವಿಷಯಗಳಿಗೆ ಜಿಲ್ಲಾವಾರು ಅಂಕಿ ಕೊಡುತ್ತದೆ, ಹಿಂಸೆಗೆ ಮಾತ್ರ ರಾಜ್ಯದ ಮಟ್ಟದಲ್ಲೇ ನಿಲ್ಲುತ್ತದೆ. ಹಾಗಾಗಿ ಯಲಬುರ್ಗಾ ಸೀಮೆಯ ನಮ್ಮ ಮಂಗಳೂರಿನಿಂದ (ಕಡಲ ತೀರದ್ದಲ್ಲ, ಪ್ರತಿ ಸಲವೂ ಹೇಳಬೇಕು) ಬಸ್ ಹತ್ತಿ ಕಾಲೇಜಿಗೆ ಹೋಗುವ ಹುಡುಗಿಯ ಪಾಲಿಗೆ ಕೊಪ್ಪಳ ಜಿಲ್ಲೆಯ ಅಂಕಿಯೇ ಇಲ್ಲ. ಇರುವುದು ಸಮಿತಿಯ ಸೊನ್ನೆ. ಅವಳು ಸುಮ್ಮನಿರುವುದಕ್ಕೆ ನಾಚಿಕೆಯೊಂದೇ ಕಾರಣವಲ್ಲ. ಮನೆಯಲ್ಲಿ ಗೊತ್ತಾದರೆ ಮೊದಲು ನಿಲ್ಲುವುದು ಅವಳ ಕಾಲೇಜು, ಆಮೇಲೆ ಶುರುವಾಗುವುದು ಗಂಡು ಹುಡುಕುವ ಕೆಲಸ. ಡಿಗ್ರಿ ಮುಗಿಯಬೇಕೆಂದರೆ ಬಾಯಿ ಮುಚ್ಚಿರಬೇಕೆಂಬ ಲೆಕ್ಕ ಅವಳದು.

ಇನ್ನು ಮಾತು. ‘ಅವಳನ್ನು ಕೆಡಿಸಿದ’ ಎಂದಾಗ ಕೆಟ್ಟವಳು ಅವಳಾಗುತ್ತಾಳೆ. ‘ಮಾನಭಂಗ’ದಲ್ಲಿ ಮುರಿದದ್ದು ಅವಳ ಮಾನ. ‘ಚುಡಾಯಿಸಿದ’ ಎಂದರೆ ತಮಾಷೆ. ಈ ಪದಗಳಿಂದ ಪ್ರಶ್ನೆಪತ್ರಿಕೆ ಮಾಡಿದರೆ ಯಾರು ಹೌದೆಂದಾರು? ನಮ್ಮ ಕಡೆ ಹೆಣ್ಣುಮಕ್ಕಳು ತಮ್ಮತಮ್ಮಲ್ಲಿ ಆಡುವ ‘ಮೈಮ್ಯಾಲೆ ಕೈ ಹಾಕಿದ’ ಎಂಬ ಮಾತಿನಲ್ಲಿ ಮಾಡಿದವನಿದ್ದಾನೆ, ಮಾಡಿದ ಕೆಲಸವಿದೆ, ಅವಳ ಮೇಲೆ ತೀರ್ಪಿಲ್ಲ. ಕಾಸ್ ಇಂಗ್ಲಿಷಿನಲ್ಲಿ ಹುಡುಕಿದ್ದು ಇಂಥ ಮಾತನ್ನೇ. ಕನ್ನಡದಲ್ಲಿ ಕೇಳುವವರು ‘ನೀವು ಬೇಡ ಅಂದ ಮೇಲೂ ಯಾರಾದರೂ...’ ಎಂದು ಶುರುಮಾಡಬಹುದು. ಆ ‘ಯಾರಾದರೂ’ ಒಳಗೆ ಸೋದರಮಾವನಿಗೂ ಮೇಷ್ಟ್ರಿಗೂ ಪ್ರೀತಿಸಿದ ಹುಡುಗನಿಗೂ ಜಾಗ ಇರಬೇಕು.

ಪ್ರಶ್ನೆ ಸರಿಯಾದರೂ ತರಗತಿಯಲ್ಲಿ ಒಂದು ಬೆಂಚಿಗೆ ಮೂವರು ಕೂತಿರುತ್ತಾರೆ. ಎಲ್ಲರ ಪೆನ್ನೂ ‘ಇಲ್ಲ’ದ ಮೇಲೆ ಸರಸರ ಹೋಗುವಾಗ ಒಂದೇ ಪೆನ್ನು ತಡೆದರೆ ಪಕ್ಕದವಳಿಗೆ ಗೊತ್ತಾಗುತ್ತದೆ. ಹಾಗಾಗಿ ಕೂರಿಸುವ ಅಂತರ, ಹೆಸರಿಲ್ಲದ ಹಾಳೆ, ಎಲ್ಲರಿಗೂ ಒಂದೇ ಹೊತ್ತು ಹಿಡಿಯುವಂತೆ ಬೇರೆ ಪ್ರಶ್ನೆಗಳ ಬೆರಕೆ, ಇವೆಲ್ಲ ಮೊದಲೇ ಆಗಬೇಕಾದ ಕೆಲಸ. ಕೊನೆಯ ಪುಟವನ್ನು ಎಲ್ಲ ಹುಡುಗಿಯರೂ ಹರಿದು ಮನೆಗೆ ಒಯ್ಯುವಂತಿರಬೇಕು. ಅದರಲ್ಲಿ ಪರೀಕ್ಷೆಯ ವೇಳಾಪಟ್ಟಿ, ಬಸ್ ಪಾಸಿನ ವಿವರ, ಅವುಗಳ ನಡುವೆ ಎಲ್ಲೋ ಮಹಿಳಾ ಸಹಾಯವಾಣಿ 181.