ದಾಸೋಹದ ಒಂದಾಣೆ: ಶಿವಮೊಗ್ಗೆಯ ಸೀಮೆಯಲ್ಲಿ ತೆರಿಗೆಯೂ ಅದರ ಲೆಕ್ಕವೂ

ಮಲೆನಾಡಿನ ಹಳೆಯ ಕಂದಾಯದ ವಿವರಗಳನ್ನು ಪರಾಂಬರಿಸುವವರಿಗೆ ಅಪೂರ್ವವಾದ ಬಾಬೊಂದು ಕಣ್ಣಿಗೆ ಬೀಳುತ್ತದೆ. ಕೆಳದಿಯ ಅರಸರ ಕಾಲದಲ್ಲಿ, ಅದಾಗಲೇ ನಿಗದಿಯಾಗಿದ್ದ ಭೂಕಂದಾಯದ ಮೇಲೆ, ವರಹಕ್ಕೆ ಒಂದಾಣೆಯಂತೆ ಹೆಚ್ಚಿನ ತೆರಿಗೆಯೊಂದನ್ನು ಹಾಕಲಾಯಿತು. ಅದರ ಹೆಸರು ‘ದಾಸೋಹ’. ಬಂದವರಿಗೆಲ್ಲ ಬೆಲೆಯಿಲ್ಲದೆ ಅನ್ನವಿಕ್ಕುವ ವ್ಯವಸ್ಥೆಯೊಂದರ ವೆಚ್ಚಕ್ಕಾಗಿ ಈ ಒಂದಾಣೆ ಸಲ್ಲುತ್ತಿದ್ದಿತೆಂದು ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಿಸಿದ್ದಾರೆ. ಶರಣರು ಕಂಡ ದಾಸೋಹವಾದರೋ ಕಾಯಕದಿಂದ ಬಂದುದನ್ನು ಮನವೊಪ್ಪಿ ಸಲ್ಲಿಸುವ ಸೇವೆ. ತೆರಿಗೆಯಾದರೋ ಅರಸನ ಆಜ್ಞೆಯಿಂದ ಎತ್ತುವ ಹಣ. ಇವೆರಡೂ ಒಂದೇ ಬಾಬಿನಲ್ಲಿ ಹೇಗೆ ಕೂಡಿದವು? ಕೂಡಿ ಬಾಳಬಲ್ಲವೇ? ಶಿವಮೊಗ್ಗೆಯ ಸೀಮೆಯ ಮುನ್ನೂರೈವತ್ತು ವರ್ಷಗಳ ಇತಿಹಾಸವು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದೆ.

ಮೊದಲು ಶಬ್ದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಉಚಿತ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಆ ಶಬ್ದದ ಹುಟ್ಟಿನಲ್ಲಿಯೇ ‘ನಾನು ದಾಸನು’ ಎಂಬ ಅರಿವಿದೆ. ಈ ಭೇದವನ್ನು ಬೋಧಿಸಿದ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನು ಮರೆಯಲಾಗದು. ಅರಸನ ಬೊಕ್ಕಸವನ್ನು ಜಂಗಮರಿಗೆ ಸವೆಸುತ್ತಿದ್ದಾರೆಂಬ ಚಾಡಿ ಹುಟ್ಟಿದಾಗ, ಭಂಡಾರವನ್ನು ಎಣಿಸಿ ನೋಡಲು ಅವರು ಅನುವು ಮಾಡಿಕೊಟ್ಟರೆಂದೂ, ಹಣ ಕಿಂಚಿತ್ತೂ ಕೊರೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಪವಾಡದ ಅಂಶವನ್ನು ಬದಿಗಿರಿಸಿದರೂ ಕಥೆಯ ತಿರುಳು ಉಳಿಯುತ್ತದೆ: ಜನರ ಭಂಡಾರವನ್ನು ಹಿಡಿದವನು ಕೇಳಿದ ಗಳಿಗೆಯಲ್ಲಿ ಲೆಕ್ಕ ಒಪ್ಪಿಸಲು ಸಿದ್ಧನಿರಬೇಕು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಇದರ ಇನ್ನೊಂದು ಮುಖ. ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಆಕೆ ಹೇಳಿದಳು. ದಾಸೋಹಕ್ಕಾಗಿಯೇ ಆದರೂ ಅಳತೆ ಮೀರಿ ತರುವುದು ಸಲ್ಲದು ಎಂಬುದು ಆಕೆಯ ನಿಲುವು. ಅಳತೆ ಮತ್ತು ಲೆಕ್ಕ ಎಂಬ ಈ ಎರಡು ಒರೆಗಲ್ಲುಗಳಿಂದ ಈ ಸೀಮೆಯ ತೆರಿಗೆಯ ಕಥೆಯನ್ನು ನೋಡಬಹುದು.

ಅಳತೆಯ ವಿಷಯದಲ್ಲಿ ಮೊದಲು ನೆನಪಿಗೆ ಬರುವುದು ‘ಶಿವಪ್ಪನಾಯಕನ ಶಿಸ್ತು’. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದ ಶಿವಪ್ಪನಾಯಕನು ಹನ್ನೆರಡು ವರ್ಷಗಳ ಕಾಲ ಪ್ರತಿಯೊಂದು ಗ್ರಾಮದಲ್ಲಿಯೂ ಆಯಾ ತರದ ಒಂದೊಂದು ಹೊಲವನ್ನು ತನ್ನ ಖರ್ಚಿನಲ್ಲಿಯೇ ಸಾಗು ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬೆಳೆದ ಧಾನ್ಯ, ಅದರ ಬೆಲೆ ಇವೆಲ್ಲವನ್ನೂ ಬರೆಯಿಸಿದನೆಂದು ಹೇಳಲಾಗಿದೆ. ಆಮೇಲೆ ಸರಾಸರಿ ಕಟ್ಟಿ, ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರವಾಗಿ ವಿಂಗಡಿಸಿ, ಒಟ್ಟು ಉತ್ಪತ್ತಿಯ ಮೂರನೆಯ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿದನು. ಅಡಕೆ ತೋಟಗಳಿಗೆ ಸಾವಿರ ಮರಗಳ ಲೆಕ್ಕದಲ್ಲಿ ಕಂದಾಯ. ತೋಟವನ್ನು ಅಳೆಯುವ ಕೋಲಿನ ಉದ್ದವನ್ನು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೇಲೆ ಗುರುತಿಸಿದ್ದರು; ಅದು 18 ಅಡಿ 6 ಅಂಗುಲ. ಅಳೆಯಲು ಬಂದ ಅಧಿಕಾರಿಯ ಕೋಲು ಸರಿಯಾಗಿದೆಯೇ ಎಂದು ಅನುಮಾನ ಬಂದ ರೈತನಿಗೆ ಒರೆಹಚ್ಚಿ ನೋಡಲು ದೇವಸ್ಥಾನದ ಕಲ್ಲು ಸಾಕ್ಷಿಯಾಗಿದ್ದಿತು. ಮೂರರಲ್ಲೊಂದು ಪಾಲು ಹಗುರವಾದ ಹೊರೆಯೇನೂ ಅಲ್ಲ. ಆದರೂ ಆ ಹೆಸರು ಇಂದಿಗೂ ಜನರ ನಾಲಗೆಯ ಮೇಲೆ ಗೌರವದಿಂದ ನಿಂತಿರುವುದಕ್ಕೆ ಕಾರಣ, ಹೊರೆ ಎಷ್ಟೆಂಬುದು ಹೊರುವವನಿಗೆ ಮೊದಲೇ ಗೊತ್ತಿದ್ದುದು.

ಈ ದರಗಳು 1660ರಿಂದ ಮೂವತ್ತೊಂಬತ್ತು ವರ್ಷಗಳವರೆಗೆ ಹಾಗೆಯೇ ನಡೆದುಬಂದವೆಂದು ರೈಸ್ ಹೇಳುತ್ತಾರೆ. ಆಮೇಲೆ ಬಂದುದೇ ಮೇಲೆ ಹೇಳಿದ ದಾಸೋಹದ ಒಂದಾಣೆ. ಹದಿನಾರರಲ್ಲಿ ಒಂದು ಪಾಲಿನ ಈ ಏರಿಕೆಗೆ ಉದ್ದೇಶವಿದ್ದಿತು, ಉದ್ದೇಶಕ್ಕೆ ಹೆಸರಿದ್ದಿತು. ಅದರ ಫಲ ಉಣ್ಣುವವರ ಪಂಕ್ತಿಯಲ್ಲಿ ಕಣ್ಣಿಗೆ ಕಾಣುತ್ತಿದ್ದಿತು. ಆದರೆ ಒಮ್ಮೆ ತೆರೆದ ಬಾಗಿಲಿನಿಂದ ಬೇರೆಯವೂ ಒಳಹೊಕ್ಕವು. 1736ರಲ್ಲಿ ಮೊಗಲರ ಕಾರಣವಾಗಿ ‘ಪಗಡಿ’ ಎಂಬ ಹೆಸರಿನಲ್ಲಿ ಗದ್ದೆಗೆ ವರಹಕ್ಕೆ ಒಂದಾಣೆ, ತೋಟಕ್ಕೆ ಮೂರಾಣೆ ಸೇರಿದವು. 1753ರಿಂದ ಮರಾಠರ ಬೇಡಿಕೆಯನ್ನು ತೀರಿಸಲು ತೋಟಗಳ ಮೇಲೆ ಶಿಸ್ತಿನ ನಾಲ್ಕನೆಯ ಒಂದು ಪಾಲು ‘ಚೌತ್’ ಆಗಿ ಬಿದ್ದಿತು. ಕಾಲಕ್ರಮದಲ್ಲಿ ಇವೆಲ್ಲಕ್ಕೂ ಒಟ್ಟಾಗಿ ‘ಪಟ್ಟಿ’ ಎಂಬ ಒಂದೇ ಹೆಸರಾಯಿತು. ಇಲ್ಲಿ ನಡೆದುದನ್ನು ಓದುಗರು ಸೂಕ್ಷ್ಮವಾಗಿ ಗಮನಿಸಬೇಕು. ಹಸಿದವನಿಗೆ ಅನ್ನವಿಕ್ಕುವ ಆಣೆಯೂ ದಂಡೆತ್ತಿ ಬಂದವನಿಗೆ ಕಪ್ಪ ಕಟ್ಟುವ ಆಣೆಯೂ ಒಂದೇ ಪಟ್ಟಿಯಲ್ಲಿ ಬೆರೆತುಹೋದವು. ಕೊಡುವ ರೈತನ ಪಾಲಿಗೆ ದಾಸೋಹವು ತನ್ನ ಹೆಸರನ್ನೇ ಕಳೆದುಕೊಂಡಿತು.

1763ರಲ್ಲಿ ಬಿದನೂರು ಹೈದರಾಲಿಯ ವಶವಾಗಿ ಹೈದರನಗರವೆನಿಸಿತು. ಅದೇ ಮುಂದೆ ನಗರವೆಂದಾಯಿತು. 1799ರ ತರುವಾಯ ಈ ಸೀಮೆಯು ಮೈಸೂರಿನ ಒಡೆಯರ ಆಳಿಕೆಗೆ ಸೇರಿ ‘ನಗರದ ಫೌಜ್ದಾರಿ’ ಎಂದು ಹೆಸರಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರೂಢಿಗೆ ಬಂದ ‘ಶರತ್ತು’ ಎಂಬ ಕ್ರಮವು ಶಿಸ್ತಿಗೆ ನೇರವಾಗಿ ವಿರುದ್ಧವಾದುದು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಕೂಡಿಸಿಕೊಡುವೆನೆಂದು ಸರ್ಕಾರಕ್ಕೆ ಕರಾರು ಬರೆದುಕೊಡಬೇಕು; ಕಡಮೆ ಬಿದ್ದರೆ ತಾನೇ ತುಂಬಿಕೊಡಬೇಕು. ಶಿಸ್ತಿನಲ್ಲಿ ಲೆಕ್ಕವು ಹೊಲದಿಂದ ಹೊರಟು ಬೊಕ್ಕಸವನ್ನು ಸೇರುತ್ತಿದ್ದಿತು; ಶರತ್ತಿನಲ್ಲಿ ಬೊಕ್ಕಸದ ಅಗತ್ಯದಿಂದ ಹೊರಟು ಹೊಲದ ಮೇಲೆರಗಿತು. ಭೂಮಿ ಎಷ್ಟು ಕೊಟ್ಟೀತೆಂದು ಕೇಳುವವರೇ ಇಲ್ಲವಾದರು.

ಇದರ ಪರಿಣಾಮವೇ 1830ರಲ್ಲಿ ಎದ್ದ ನಗರದ ದಂಗೆ. ರೈತರು ಅಲ್ಲಲ್ಲಿ ‘ಕೂಟ’ ಸೇರಿ, ಕಂದಾಯ ಕೊಡುವುದಿಲ್ಲವೆಂದು ನಿಂತರು. ಬೂದಿ ಬಸವಪ್ಪನೆಂಬಾತನು ತಾನು ಕೆಳದಿಯ ಸಿಂಹಾಸನದ ಹಕ್ಕುದಾರನೆಂದು ಸಾರಿಕೊಂಡನು. ಆತನ ಹಕ್ಕುದಾರಿಕೆ ಸತ್ಯವೋ ಮಿಥ್ಯೆಯೋ ಎಂಬ ಚರ್ಚೆಗಿಂತ ಮಹತ್ವದ್ದು, ಸಾವಿರಾರು ರೈತರು ಆ ಹೆಸರಿನ ಹಿಂದೆ ನಡೆದರೆಂಬ ಸಂಗತಿ. ವಂಶವು ಅಳಿದು ಅರವತ್ತೇಳು ವರ್ಷಗಳಾದ ಮೇಲೆ ಜನರು ಕೆಳದಿಯನ್ನು ನೆನೆದುದಕ್ಕೆ ಅರಸೊತ್ತಿಗೆಯ ವೈಭವವೊಂದೇ ಕಾರಣವಾಗಿರಲಾರದು. ಗೊತ್ತಾದ ಅಳತೆಯ ನೆನಪೂ ಅದರೊಳಗಿದ್ದಿತೆಂದು ಊಹಿಸುವುದು ಅಸಂಗತವಾಗದು. ದಂಗೆಯನ್ನು ಸೈನ್ಯಬಲದಿಂದ ಅಡಗಿಸಲಾಯಿತು. ಅದನ್ನೇ ನೆಪವಾಗಿಸಿಕೊಂಡು 1831ರ ಅಕ್ಟೋಬರಿನಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು; ಅದು ರಾಜಮನೆತನಕ್ಕೆ ಮರಳಿದ್ದು ಐವತ್ತು ವರ್ಷಗಳ ಅನಂತರ, 1881ರಲ್ಲಿ. ತೆರಿಗೆಯ ಅಳತೆ ಕೆಟ್ಟರೆ ಸಿಂಹಾಸನವೇ ಅಲುಗಾಡುವುದೆಂಬುದಕ್ಕೆ ಕನ್ನಡ ನಾಡಿನ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ಕಮಿಷನರುಗಳ ಆಡಳಿತದಲ್ಲಿ ಶಿವಮೊಗ್ಗೆಯು ನಗರ ವಿಭಾಗದ ಮುಖ್ಯ ಸ್ಥಳವಾಯಿತು. ಈ ಅವಧಿಯಲ್ಲಿಯೇ ಹೆಸರುಳ್ಳ ತೆರಿಗೆಯೊಂದು ಹೊಸ ರೂಪದಲ್ಲಿ ಮರಳಿ ಬಂದಿತು. 1868ರಲ್ಲಿ ಪ್ರತಿಯೊಂದು ಹೋಬಳಿಗೂ ಒಂದು ಶಾಲೆ ಬೇಕೆಂಬ ಯೋಜನೆಯನ್ನು ರೂಪಿಸಿದವರು, ದಾಸೋಹದ ಒಂದಾಣೆಯನ್ನು ಮುಂದೆ ಗ್ರಂಥಸ್ಥಗೊಳಿಸಿದ ಅದೇ ಬಿ. ಎಲ್. ರೈಸ್. ಭೂಕಂದಾಯದ ಜೊತೆಗೆ ಎತ್ತುತ್ತಿದ್ದ ಸ್ಥಳೀಯ ಉಪಕರದ ಒಂದು ಪಾಲು ಈ ಹಳ್ಳಿಯ ಶಾಲೆಗಳಿಗೆ ಮೀಸಲಾಯಿತು. ಅನ್ನದ ಆಣೆಯಿದ್ದ ಸೀಮೆಯಲ್ಲಿ ಅಕ್ಷರದ ಕಾಸು ಹುಟ್ಟಿಕೊಂಡಿತು. ಕೊಟ್ಟ ಹಣ ಎಲ್ಲಿಗೆ ಹೋಯಿತೆಂದು ರೈತನು ಕೇಳಿದರೆ ಹೋಬಳಿಯ ಶಾಲೆಯತ್ತ ಕೈತೋರಿಸಲು ಸಾಧ್ಯವಾಯಿತು.

ಲೆಕ್ಕ ಕೇಳುವ ಹಕ್ಕು ಮಾತ್ರ ಇನ್ನೂ ಜನರಿಗೆ ಬಂದಿರಲಿಲ್ಲ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದು ರಾಜ್ಯದ ಆದಾಯ ವೆಚ್ಚಗಳನ್ನು ಅದರ ಮುಂದಿಟ್ಟುದು ಈ ದಿಕ್ಕಿನಲ್ಲಿ ಮೊದಲ ಹೆಜ್ಜೆ. 1923ರ ಸುಧಾರಣೆಗಳಿಂದ, ಹೊಸ ತೆರಿಗೆಗಳನ್ನು ಹಾಕುವ ಮುನ್ನ ಆ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ನ್ಯಾಯವಿಧಾಯಕ ಸಭೆಗೆ ಆಯವ್ಯಯದ ಬೇಡಿಕೆಗಳ ಮೇಲೆ ಮತ ನೀಡುವ ಅಧಿಕಾರ ದೊರೆಯಿತು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ದಾರಿ ತೆರೆದ ಕಾಯಿದೆ 1913ರಲ್ಲಿ ಬಂದಿದ್ದಿತು. ಆದರೆ ಶಾಲೆಗಳ ಹೊಣೆ ಯಾರದೆಂಬುದು ದೀರ್ಘಕಾಲ ತೂಗುಯ್ಯಾಲೆಯಲ್ಲಿದ್ದಿತು. 1930ರ ಕಾಯಿದೆ ಅದನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. 1941ರಲ್ಲಿ ಸರ್ಕಾರವೇ ಮತ್ತೆ ವಹಿಸಿಕೊಂಡಿತು.

ಇದೇ ಕಾಲಾವಧಿಯಲ್ಲಿ ಬೊಕ್ಕಸದ ಮೇಲೆ ಮತ್ತೊಂದು ದೊಡ್ಡ ಹೊಣೆ ಬಿದ್ದಿತು. ಬೆಂಕಿಪುರವೆಂದಿದ್ದ ಭದ್ರಾವತಿಯಲ್ಲಿ, ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡಿನ ಇದ್ದಿಲನ್ನು ನಂಬಿ, ಸಂಸ್ಥಾನವು ತನ್ನ ಹಣದಿಂದಲೇ ಕಬ್ಬಿಣದ ಕಾರ್ಖಾನೆಯನ್ನು ಕಟ್ಟಿಸಿತು. 1923ರ ಜನವರಿಯಲ್ಲಿ ಊದುಕುಲುಮೆ ಕೆಲಸ ಆರಂಭಿಸುವಷ್ಟರಲ್ಲಿ ಯುದ್ಧಕಾಲದ ಬೆಲೆಗಳು ಇಳಿದಿದ್ದವು. ಮೊದಲ ವರ್ಷಗಳ ನಷ್ಟ ಸಹಜವಾಗಿಯೇ ಟೀಕೆಗೆ ಗುರಿಯಾಯಿತು. ಶಾಲೆ, ಕೆರೆ, ರಸ್ತೆಗಳಿಗೆ ಸಲ್ಲಬಹುದಾಗಿದ್ದ ಹಣವು ಕುಲುಮೆಗೆ ಹೋಗುತ್ತಿರುವಾಗ ಲೆಕ್ಕ ಕೇಳುವುದು ಪ್ರಜೆಗಳ ಹಕ್ಕೇ ಆಗಿದ್ದಿತು. ಆ ಲೆಕ್ಕ ಒಪ್ಪಿಸುವ ಹೊಣೆ 1923ರಿಂದ 1929ರವರೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಮೇಲೆ ಬಿದ್ದಿತು. ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ವೆಚ್ಚವನ್ನು ಬಿಗಿಹಿಡಿದು ಕಾರ್ಖಾನೆಯನ್ನು ನಿಲ್ಲಿಸಿದರು. ಈ ಸೇವೆಗೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ತಾವು ಮುಟ್ಟದೆ, ಯುವಕರಿಗೆ ಕಸಬು ಕಲಿಸುವ ಶಾಲೆಗೆ ವಿನಿಯೋಗಿಸಬೇಕೆಂದು ಅವರು ಬಯಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ಅದರ ಫಲ. ಭದ್ರಾವತಿಯ ಕುಲುಮೆಯಿಂದ ಹೊರಟ ಹಣ ಶಾಲೆಯನ್ನು ಸೇರಿದ ಈ ಪ್ರಸಂಗದಲ್ಲಿ ಕಾಯಕವೂ ದಾಸೋಹವೂ ಏಕತ್ರವಾದುದನ್ನು ಕಾಣಬಹುದು. ಮುಂದೆ 1989ರಲ್ಲಿ ಕಾರ್ಖಾನೆಯು ಕೇಂದ್ರದ ಉಕ್ಕು ಪ್ರಾಧಿಕಾರದ ಕೈಸೇರಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಊರೇ ಎದ್ದು ನಿಂತಿತು. ಅದೇ ವರ್ಷದ ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ನಡೆಯತೊಡಗಿತು. ಲಾಭ ನಷ್ಟದ ಎಣಿಕೆಯಲ್ಲಿ ನೂರು ವರ್ಷ ಅನ್ನವಿತ್ತ ಊರಿನ ಬಾಬು ಯಾವ ಕಲಮಿನಲ್ಲಿ ಬರಬೇಕೆಂಬ ಪ್ರಶ್ನೆ ಇನ್ನೂ ಉಳಿದಿದೆ.

ಸ್ವಾತಂತ್ರ್ಯಾನಂತರದ ಆಯವ್ಯಯಗಳಲ್ಲಿ ಈ ಜಿಲ್ಲೆಯ ಕೈಗಳು ಮತ್ತೆ ಮತ್ತೆ ಕಾಣುತ್ತವೆ. ಸೊರಬದ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ ಬಡವರ ವಸತಿಗಾಗಿ ‘ಆಶ್ರಯ’ ಯೋಜನೆ ಬಂದಿತು. ಶಿಕಾರಿಪುರದ ಬಿ. ಎಸ್. ಯಡಿಯೂರಪ್ಪನವರು ಹಣಕಾಸು ಸಚಿವರಾಗಿ 2006ರಲ್ಲಿ ಮಂಡಿಸಿದ ಆಯವ್ಯಯದ ಕಾಲದಲ್ಲಿ ಹೆಣ್ಣುಮಕ್ಕಳಿಗಾಗಿ ‘ಭಾಗ್ಯಲಕ್ಷ್ಮಿ’ಯೂ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲೂ ಬಂದವು. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಕೊಡುವ ‘ಯುವನಿಧಿ’ಗೆ ಚಾಲನೆ ದೊರೆತದ್ದು 2024ರ ಜನವರಿ 12ರಂದು, ಶಿವಮೊಗ್ಗ ನಗರದಲ್ಲಿಯೇ. ಪಕ್ಷ ಯಾವುದೇ ಇರಲಿ, ಇಂತಹ ಯೋಜನೆಗಳನ್ನು ಕುರಿತು ಇದು ಬಿಟ್ಟಿ ಕೊಡುಗೆಯೆಂಬ ಒಂದು ಮಾತೂ, ಇದು ಹಕ್ಕೆಂಬ ಇನ್ನೊಂದು ಮಾತೂ ಎದುರುಬದುರಾಗುತ್ತವೆ. ದಾನದ ಭಾಷೆಯಲ್ಲಿ ಯೋಚಿಸುವವರೆಗೆ ಈ ಜಗಳ ತೀರುವಂತಹದಲ್ಲ. ದಾಸೋಹದ ಭಾಷೆಯಲ್ಲಿ ಯೋಚಿಸಿದರೆ, ಕೊಡುವ ಸರ್ಕಾರ ದಾಸ, ಭಂಡಾರವು ಕೊಟ್ಟವರದೇ.

ಈ ಭಾಷೆಯನ್ನು ಸರ್ಕಾರವೇ ಒಮ್ಮೆ ಎತ್ತಿಕೊಂಡಿತು. ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಆದೇಶಿಸಿದ ಮೇಲೆ, ಕರ್ನಾಟಕವು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭಿಸಿ ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದ ಯೋಜನೆಗೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಹೀಗೆ ಮೂರು ಶತಮಾನಗಳ ಮೇಲೆ ಶಿವಮೊಗ್ಗೆಯ ಸೀಮೆಯಲ್ಲಿ ತೆರಿಗೆಯ ಹಣದಿಂದ ನಡೆಯುವ ಅನ್ನದ ಪಂಕ್ತಿಗೆ ಅದೇ ಹೆಸರು ಮರಳಿತು. 2004ರಲ್ಲಿ ಕೇಂದ್ರವು ತೆರಿಗೆಯ ಮೇಲೆ ನೂರಕ್ಕೆ ಎರಡರಂತೆ ಶಿಕ್ಷಣದ ಉಪಕರವನ್ನು ಹಾಕಿದಾಗ ಹೆಸರುಳ್ಳ ಆಣೆಯೂ ಮರಳಿದಂತಾಯಿತು. 2018ರಿಂದ ಅದು ಆರೋಗ್ಯವನ್ನೂ ಕೂಡಿಸಿಕೊಂಡು ನೂರಕ್ಕೆ ನಾಲ್ಕಾಗಿದೆ. ಉಪಕರದ ಹಣವನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕೆಂಬ ಕಟ್ಟಳೆ ಸಂವಿಧಾನದಲ್ಲಿಲ್ಲ. ಆದ್ದರಿಂದ ಶಾಲೆ ನಡೆಸುವ ರಾಜ್ಯವೊಂದು, ಶಾಲೆಯ ಹೆಸರಿನಲ್ಲಿ ಹಣ ಎತ್ತುವ ಕೈ ಇನ್ನೊಂದು ಎಂಬಂತಾಗಿದೆ. ಕೆಳದಿಯ ಕಾಲದ ಪಟ್ಟಿಯ ಪಾಠ ಇಲ್ಲಿ ಪ್ರಸ್ತುತವಾಗುತ್ತದೆ: ತೆರಿಗೆಗೆ ಒಳ್ಳೆಯ ಹೆಸರಿಟ್ಟ ಮಾತ್ರಕ್ಕೆ ಅದು ದಾಸೋಹವಾಗದು. ಹೆಸರಿನಂತೆ ವಿನಿಯೋಗವಾಯಿತೆಂಬುದನ್ನು ವರ್ಷವರ್ಷವೂ ಎಣಿಸಿ ತೋರಿಸಬೇಕು.

ಇಕ್ಕೇರಿಯ ಕಲ್ಲಿನ ಗುರುತು ಅಳತೆಯನ್ನು ಎಲ್ಲರ ಕಣ್ಣಮುಂದೆ ಇರಿಸಿದ್ದಿತು. ಕಲ್ಯಾಣದ ಭಂಡಾರಿಯು ಲೆಕ್ಕವನ್ನು ಎಲ್ಲರ ಮುಂದೆ ತೆರೆದಿರಿಸಿದನು. ಇವೆರಡೂ ಇರುವಲ್ಲಿ ಕಂದಾಯ ಕೊಡುವವನು, ತನ್ನ ಊರಿನ ಶಾಲೆಯಲ್ಲಿ ಮಧ್ಯಾಹ್ನದ ತಟ್ಟೆಯ ಮುಂದೆ ಕುಳಿತ ಮಗುವನ್ನು ಕಂಡು, ಆ ತುತ್ತಿನಲ್ಲಿ ತನ್ನದೂ ಒಂದಾಣೆಯಿದೆಯೆಂದು ನಿಶ್ಚಯವಾಗಿ ಹೇಳಬಲ್ಲನು.