ದಂತವಾಣಿಜ್ಯವೂ ಹನೂರಿನ ಕಾಡೂ

ಜೈನ ಶ್ರಾವಕಾಚಾರವು ಗೃಹಸ್ಥನಿಗೆ ನಿಷೇಧಿಸಿರುವ ಹದಿನೈದು ಜೀವನೋಪಾಯಗಳಿಗೆ ‘ಕರ್ಮಾದಾನ’ಗಳೆಂದು ಹೆಸರು. ಶ್ವೇತಾಂಬರ ಆಗಮವಾದ ‘ಉಪಾಸಕದಶಾ’ದಲ್ಲಿ ಬರುವ ಈ ಪಟ್ಟಿಯಲ್ಲಿ ದಂತವಾಣಿಜ್ಯವೂ ಸೇರಿದೆ. 13ನೆಯ ಶತಮಾನದ ದಿಗಂಬರ ಪಂಡಿತ ಆಶಾಧರನೂ ‘ಸಾಗಾರಧರ್ಮಾಮೃತ’ದಲ್ಲಿ ಈ ಹದಿನೈದನ್ನು ಚರ್ಚಿಸಿದ್ದಾನೆ. ಆನೆಯ ದಂತವನ್ನು ಅದು ದೊರೆಯುವ ನೆಲೆಯಲ್ಲಿಯೇ ವ್ಯಾಪಾರಕ್ಕಾಗಿ ಕೊಳ್ಳಬಾರದೇಕೆ ಎಂಬುದಕ್ಕೆ ಆವಶ್ಯಕಸೂತ್ರದ ವ್ಯಾಖ್ಯಾನಕಾರರು ಕೊಡುವ ಕಾರಣ ಗಮನಾರ್ಹವಾದುದು. ವರ್ತಕನು ಕಾಡಿನ ಪುಳಿಂದರಿಗೆ ಮುಂಗಡವಾಗಿ ಹಣ ಕೊಡುತ್ತಾನೆ. ಅವನು ಬೇಗನೆ ಮರಳಿ ಬರುವನೆಂದು ಅವರು ಆನೆಗಳನ್ನು ಕೊಲ್ಲುತ್ತಾರೆ. ಕೊಂದವನು ಪುಳಿಂದ, ಕೊಲ್ಲಿಸಿದ್ದು ಹಣ. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯ ಹಿಂಸೆಯಲ್ಲಿ ಇದು ‘ಕಾರಿತ’.

ದಂತದ ಬುಡದ ಟೊಳ್ಳುಭಾಗವನ್ನು ಅಡ್ಡಲಾಗಿ ಕೊಯ್ದರೆ ಬಳೆ. ತುದಿಯ ಗಟ್ಟಿಭಾಗದಿಂದ ಬಾಚಣಿಗೆ, ಕರಡಿಗೆ, ಕನ್ನಡಿಯ ಹಿಡಿ. ಈ ಕುಸುರಿಗೆ ಪ್ರಾಚೀನ ಕಾಲದಿಂದಲೂ ಗೌರವವಿತ್ತು. ಸಾಂಚಿಯ ದಕ್ಷಿಣ ತೋರಣದ ಕೆತ್ತನೆ ತಮ್ಮದೆಂದು ವಿದಿಶೆಯ ದಂತಕಾರರು ಶಾಸನ ಬರೆಸಿದ್ದಾರೆ. ಕ್ರಿ.ಶ. 79ರಲ್ಲಿ ಬೂದಿಯಡಿ ಹುದುಗಿದ ಪೊಂಪೈ ನಗರದಲ್ಲಿ ಭಾರತದ ದಂತದ ಸ್ತ್ರೀಮೂರ್ತಿಯೊಂದು 1938ರಲ್ಲಿ ದೊರೆಯಿತು. ದಂತ ಯಾವ ಕಾಡಿನದು, ಅದನ್ನು ತಂದವರು ಯಾರು ಎಂಬುದನ್ನು ಮಾತ್ರ ಇಂತಹ ವಸ್ತುಗಳು ಹೇಳುವುದಿಲ್ಲ.

ಆ ಪ್ರಶ್ನೆಗೆ ನಮ್ಮ ಕಾಲದಲ್ಲಿ ಉತ್ತರವಿತ್ತ ನೆಲ ಕೊಳ್ಳೇಗಾಲ ಸೀಮೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಿಂದ ಹನೂರಿನ ಮಲೆಮಹದೇಶ್ವರ ಬೆಟ್ಟದವರೆಗೆ ಹಬ್ಬಿರುವುದು ಆನೆಯ ಕಾಡು. ಏಷ್ಯಾದ ಆನೆಗಳಲ್ಲಿ ಉದ್ದನೆಯ ದಂತವಿರುವುದು ಗಂಡಿಗೆ ಮಾತ್ರ. ಬೇಟೆ ಆರಿಸಿ ಕೊಂದದ್ದು ಅವನ್ನೇ. 1986ರಲ್ಲಿ ಭಾರತದ ಆನೆದಂತದ ವ್ಯಾಪಾರ ಕಾನೂನಿನಿಂದ ನಿಷಿದ್ಧವಾದರೂ ಕಳ್ಳಪೇಟೆ ಮುಚ್ಚಲಿಲ್ಲ. ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್ ಆನೆಬೇಟೆಯಿಂದ ತೊಡಗಿ ಶ್ರೀಗಂಧದ ಕಳ್ಳಸಾಗಣೆಗೆ ಹೊರಳಿದ. ಮುಂದಿನ ಸಾವುಗಳಿಗೆಲ್ಲ ದಂತವೊಂದೇ ಕಾರಣವಲ್ಲ. ಆದರೆ ಆ ದಾರಿಯ ಮೊದಲ ಹೆಜ್ಜೆ ಅದೇ.

ಗೋಪಿನಾಥಂನಲ್ಲಿದ್ದುಕೊಂಡೇ ಜನರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗತಿಯ ನೆಪದಲ್ಲಿ ಕರೆಸಿಕೊಂಡು 1991ರ ನವೆಂಬರ್ 10ರಂದು ಕೊಲ್ಲಲಾಯಿತು. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರೊಡನಿದ್ದ ಪೊಲೀಸರು ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಅವರಲ್ಲಿ ಪೊಲೀಸರಲ್ಲದೆ ಅರಣ್ಯ ಕಾವಲುಗಾರರೂ ಇದ್ದರು. 2002ರಲ್ಲಿ ಕಾಮಗೆರೆಯಿಂದ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪನವರು ಹೆಣವಾಗಿ ದೊರೆತರು.

ಇವು ಸುದ್ದಿಯಾದ ಸಾವುಗಳು. ಸುದ್ದಿಯಾಗದೆ ನವೆದವರು ಕಾಡಂಚಿನ ಹಳ್ಳಿಗರು ಮತ್ತು ಸೋಲಿಗರು. ಸುಳಿವು ಕೊಟ್ಟನೆಂಬ ಗುಮಾನಿಗೆ ವೀರಪ್ಪನ್ ಕೊಂದರೆ, ಅನ್ನ ಕೊಟ್ಟನೆಂಬ ಗುಮಾನಿಗೆ ಕಾರ್ಯಪಡೆ ಹಿಡಿದೊಯ್ಯುತ್ತಿತ್ತು. ಟಾಡಾ ಕಾಯ್ದೆಯಡಿ ಬಂಧಿತರಾದವರಲ್ಲಿ ಬಹುಮಂದಿ ವರ್ಷಗಟ್ಟಲೆ ಸೆರೆಯಲ್ಲಿದ್ದು, 2001ರಲ್ಲಿ ನಿರ್ದೋಷಿಗಳೆಂದು ಹೊರಬಂದರು. ಕಾರ್ಯಪಡೆಯ ದೌರ್ಜನ್ಯಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ವಿಧಿಸಿತು.

ವ್ಯಾಖ್ಯಾನಕಾರರ ಪುಟ್ಟ ಕಥೆಯಲ್ಲಿ ವರ್ತಕ, ಪುಳಿಂದ, ಆನೆ ಮೂವರೇ ಇದ್ದಾರೆ. ಕೊಳ್ಳೇಗಾಲದ ಇತಿಹಾಸ ಅದಕ್ಕೆ ಇನ್ನೂ ಇಬ್ಬರನ್ನು ಸೇರಿಸುತ್ತದೆ: ಕಾಡನ್ನು ಕಾಯಲು ಹೋಗಿ ಸತ್ತವನು ಮತ್ತು ಕಾಡಿನ ಬಳಿ ಬಾಳಿದ್ದಕ್ಕೇ ಶಿಕ್ಷೆ ಉಂಡವನು. ವಸ್ತುಸಂಗ್ರಹಾಲಯದ ದಂತದ ಬಳೆಗೆ ಕಾಲ, ಶೈಲಿಗಳನ್ನು ನಿರ್ಣಯಿಸುವ ವಿದ್ಯಾರ್ಥಿಯು ಆಯೋಗದ ಈ ಆದೇಶವನ್ನೂ ಅದೇ ಬಳೆಯ ಆಕರವೆಂದು ಓದಬೇಕಾಗಿದೆ. ಮುಂಗಡ ಕೊಟ್ಟ ವರ್ತಕನ ಹೆಸರು ಸಾಂಚಿಯ ಶಾಸನದಲ್ಲಿಲ್ಲ. ಪರಿಹಾರ ಪಡೆದವರ ಪಟ್ಟಿಯಿರುವ ಆದೇಶದಲ್ಲಿಯೂ ಅವನಿಗೆ ಎಡೆಯಿಲ್ಲ.