ಕಾಡ್ಗಿಚ್ಚು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಚಿಕ್ಕಮಗಳೂರು ಜಿಲ್ಲೆಯ ಈ ಮಲೆನಾಡು ತಾಲ್ಲೂಕುಗಳ ಕಾಡು ಬಹುಪಾಲು ಕೊಪ್ಪ ಅರಣ್ಯ ವಿಭಾಗಕ್ಕೆ ಸೇರಿದೆ. ಬೆಂಕಿಯ ಕಾಲ ಜನವರಿಯಿಂದ ಮೇವರೆಗೆ. ಶೃಂಗೇರಿ ಕಡೆಯ ನಿತ್ಯಹರಿದ್ವರ್ಣ ಕಾಡು ತೇವ ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚಿನ ಅಪಾಯ ಗುಡ್ಡದ ನೆತ್ತಿಯ ಒಣಹುಲ್ಲಿಗೆ, ಭದ್ರಾ ಹಿನ್ನೀರಿನತ್ತ ನರಸಿಂಹರಾಜಪುರದ ಎಲೆ ಉದುರುವ ಕಾಡಿಗೆ. ಕೆನಡಾ, ಸೈಬೀರಿಯಾಗಳಲ್ಲಿ ಸಿಡಿಲಿಗೂ ಕಾಡು ಹೊತ್ತಿಕೊಳ್ಳುತ್ತದೆ; ಇಲ್ಲಿ ಕಿಡಿ ಬಹುತೇಕ ಮನುಷ್ಯನದೇ.

ಬೇಸಿಗೆಗೆ ಮುನ್ನ ಅರಣ್ಯ ಇಲಾಖೆ ಬೆಂಕಿ ರೇಖೆ ಸವರಿ, ಆ ಪಟ್ಟಿಯ ತರಗೆಲೆಯನ್ನು ಸುಟ್ಟು, ಬೆಂಕಿ ಕಾವಲುಗಾರರನ್ನು ನೇಮಿಸುತ್ತದೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ಉಪಗ್ರಹ ಎಚ್ಚರಿಕೆ ಸಿಬ್ಬಂದಿಯ ಮೊಬೈಲ್‌ಗೇ ಬರುತ್ತದೆ. ಆದರೆ ಕಡಿದಾದ ಗುಡ್ಡಕ್ಕೆ ನೀರಿನ ವಾಹನ ಏರದು. ಹಸಿ ಸೊಪ್ಪಿನ ಟೊಂಗೆಯಿಂದ ಬಡಿದು ಆರಿಸುವುದೇ ಅಲ್ಲಿ ಮುಖ್ಯ ದಾರಿ. ಅಡಿಕೆ ತೋಟಕ್ಕೆಂದು ಸೊಪ್ಪಿನಬೆಟ್ಟದ (ತೋಟಗಾರರು ಸೊಪ್ಪು ತರುವ ಕಾಡಿನ) ದರಗು, ಅಂದರೆ ತರಗೆಲೆ, ಗುಡಿಸುವ ಹಳೆಯ ರೂಢಿಯಿಂದ ಬೆಂಕಿಗೆ ಸಿಗುವ ಉರುವಲೂ ತಗ್ಗುತ್ತದೆ. ಈ ರೂಢಿಗೆ ಇನ್ನಷ್ಟು ಗಮನ ಸಲ್ಲಬೇಕು.